ಹಿತ್ತಿಲ ಗಲ್ಲಿಯ ಕಿಟಕಿ

ಪುಣೆಯ ಹಳೆ ಪೇಟೆಗಳ ಗಲ್ಲಿಗಳನ್ನು ನಾನು ಫೋಟೋ ತೆಗೆದದ್ದು ಒಬ್ಬ ಬಿಳಿಯ ದೊರೆಗಾಗಿ. ಅವನಿಗೆ ಗಲ್ಲಿಗಳು ಬೇಕು, ಜನ ಬೇಡ. ಪೇಟೆಯ ಗಲ್ಲಿಯಲ್ಲಿ ಜನ ಬೇಡವೆಂದರೆ ಹೇಗೆ? ಆದರೆ ನನಗೆ ಆ ವಿದ್ಯೆ ಗೊತ್ತಿತ್ತು, ಅದರ ಜಂಬವೂ ಇತ್ತು. ಕ್ಯಾಮೆರಾದ ಕಂಡಿಯನ್ನು ತೀರ ಚಿಕ್ಕದು ಮಾಡಿ, ಮುಚ್ಚಳ ತೆಗೆದು ಬಹಳ ಹೊತ್ತು ಬಿಟ್ಟರೆ, ನಡೆದಾಡುವವರು ಗಾಜಿನ ಪ್ಲೇಟಿನ ಮೇಲೆ ಮೂಡುವುದೇ ಇಲ್ಲ. ಗೋಡೆ, ಮೆಟ್ಟಿಲು ಉಳಿಯುತ್ತವೆ. ಮನುಷ್ಯರಲ್ಲಿ ಅಲ್ಲಾಡದೆ ನಿಂತವರು ಮಾತ್ರ ಉಳಿಯುತ್ತಾರೆ.

ಧಾರವಾಡದಲ್ಲಿ ಈ ಕೆಲಸ ಕಲಿಯುವಾಗ ನನ್ನ ತಂಗಿಯನ್ನೇ ಎದುರಿಗೆ ಕೂರಿಸಿಕೊಂಡು ಪ್ಲೇಟು ಹಾಳು ಮಾಡುತ್ತಿದ್ದೆ. "ಅಲ್ಲಾಡಬ್ಯಾಡ, ಅಲ್ಲಾಡಿದ್ರ ಅಳಿಸಿ ಹೋಗ್ತಿ" ಎಂದು ಗದರುತ್ತಿದ್ದೆ. ಮುಂದೆ ಅವಳು ಪುಣೆಗೇ, ನಮ್ಮ ಕಡೆಯಿಂದ ಬಂದು ನೆಲೆಸಿದ್ದ ಬಟ್ಟೆ ವ್ಯಾಪಾರಿಗಳ ಮನೆಗೆ ಸೊಸೆಯಾಗಿ ಬಂದಳು. ಆ ವರ್ಷ ಮಳೆಗಾಲ ಕಳೆದಾಗಿನಿಂದ ನಾನು ಯಾವಾಗ ಹೋದರೂ ಅವಳ ಅತ್ತೆಯದು ಒಂದೇ ಮಾತು: "ಲೋಣಾವಳಾಕ್ಕ ಹೋಗ್ಯಾಳ್ರಿ, ಹವಾ ಬದಲಿಗೆ. ಭಾಳ ಆರಾಮ ಇದ್ದಾಳ." ಅವಳ ಗಂಡ ತಲೆ ತಗ್ಗಿಸಿಕೊಂಡು ಅಂಗಡಿಗೆ ಹೊರಡುತ್ತಿದ್ದ. ನಾನು ಚಹಾ ಕುಡಿದು ಬರುತ್ತಿದ್ದೆ.

ದೊರೆಗೆ ಬೇಕಿದ್ದ ಕೊನೆಯ ಗಲ್ಲಿಯಲ್ಲಿ ದೊಡ್ಡ ವಾಡೆಮನೆಗಳ ಬೆನ್ನು ಮಾತ್ರ ಕಾಣುತ್ತಿತ್ತು. ಎರಡು ಎಮ್ಮೆ ಎದುರಾದರೆ ಒಂದು ಹಿಂದೆ ಸರಿಯಬೇಕು, ಅಷ್ಟು ಇಕ್ಕಟ್ಟು. ಅಲ್ಲಿ ನಾನು ಹಿಂದೆಂದೂ ಕಾಲಿಟ್ಟವನಲ್ಲ. ಮುಚ್ಚಳ ತೆಗೆದೆ, ಕಾದೆ, ಮುಚ್ಚಿ ಬಂದೆ.

ಮರುದಿನ ಬೆಳಗ್ಗೆ ಒಣಗಿದ ಪ್ಲೇಟನ್ನು ಬೆಳಕಿಗೆ ಹಿಡಿದೆ. ಗಲ್ಲಿ ಪೂರ್ತಿ ಖಾಲಿ, ದೊರೆ ಕುಣಿದಾಡಬೇಕು. ಮಾಳಿಗೆಯ ಒಂದು ಕಿಟಕಿಯಲ್ಲಿ ಮಾತ್ರ ಕಪ್ಪು ಕಲೆ. ಪ್ಲೇಟಿನಲ್ಲಿ ಎಲ್ಲ ಉಲ್ಟಾ, ಬೆಳ್ಳಗಿದ್ದದ್ದೇ ಕಪ್ಪಾಗಿ ಕಾಣುತ್ತದೆ. ಯಾರೋ ಒಣಹಾಕಿದ ಬಟ್ಟೆ ಇರಬೇಕೆಂದು, ಕೆರೆದು ತೆಗೆಯಲು ಸಣ್ಣ ಚೂರಿ ಕೈಗೆತ್ತಿಕೊಂಡೆ. ಭೂತಗನ್ನಡಿ ಇಟ್ಟಾಗ ಕಿಟಕಿಯ ಸರಳು ಹಿಡಿದ ಎರಡು ಕೈ ಕಂಡವು. ಚೂರಿ ಬಿಸಾಡಿ, ಕಾಗದದ ಮೇಲೆ ಚಿತ್ರ ಇಳಿಸಿದೆ. ಗದ್ದ ಮೇಲೆತ್ತಿ, ಉಸಿರು ಬಿಗಿಹಿಡಿದು, ಕ್ಯಾಮೆರಾವನ್ನೇ ನೋಡುತ್ತ ನನ್ನ ತಂಗಿ ನಿಂತಿದ್ದಳು. ಮುಖದಲ್ಲಿ ಮೂಳೆ ಬಿಟ್ಟರೆ ಏನೂ ಉಳಿದಿರಲಿಲ್ಲ. ಆ ಗಲ್ಲಿ ಅವಳ ಮನೆಯ ಹಿತ್ತಿಲಿನದೇ ಎಂದು ಆಗ ಹೊಳೆಯಿತು. ಇನ್ನೊಂದು ಗಳಿಗೆ ಕಳೆದಿದ್ದರೆ ನಾನೇ ಅವಳನ್ನು ಕೆರೆದು ಹಾಕುತ್ತಿದ್ದೆ.

ಹಸಿ ಚಿತ್ರ ಹಿಡಿದುಕೊಂಡೇ ಓಡಿದೆ. ಅತ್ತೆ ಮತ್ತೆ ಲೋಣಾವಳಾ ಎಂದರು. ಚಿತ್ರವನ್ನು ಅವರ ಮುಖಕ್ಕೆ ಹಿಡಿದೆ. ಅವರು ಬಾಗಿಲಲ್ಲೇ ಕುಸಿದು ಕೂತರು. "ಕ್ಷಯ ಆಗೇದರಿ. ಮಂದಿಗೆ ಗೊತ್ತಾದ್ರ ನನ್ನ ಸಣ್ಣ ಮಗಳ ಲಗ್ನ ಹೆಂಗ ಆಗಬೇಕು?"

ನಾನು ಅವರನ್ನು ದಾಟಿಕೊಂಡು ಮಾಳಿಗೆ ಹತ್ತಿದೆ. ಕೋಣೆಗೆ ಹೊರಗಿನಿಂದ ಚಿಲಕ ಹಾಕಿತ್ತು.

ಟಾಂಗಾದಲ್ಲಿ ಅವಳು ನನ್ನ ಹೆಗಲಿಗೆ ಒರಗಿದ್ದಳು. ತೂಕವೇ ಇರಲಿಲ್ಲ. ಸಂಕಟ ತಡೆಯಲಾರದೆ ಕೇಳಿಬಿಟ್ಟೆ: "ನಾ ಅಲ್ಲೇ ಕೆಳಗ ಇದ್ದೆನಲ್ಲವ್ವಾ, ಒಂದ ಸಲನಾದ್ರೂ ಒದರಬಾರದೇನ?"

"ಒದರಲಿಕ್ಕೆ ದನಿ ಎಲ್ಲಿ ಅದ ಅಣ್ಣಾ?" ಎಂದಳು ಪಿಸುದನಿಯಲ್ಲಿ. "ಅಲ್ಲಾಡಿದ್ರ ಅಳಿಸಿ ಹೋಗ್ತಿ ಅಂತ ನೀನ ಅಂದಿದ್ದಿಯಲ್ಲ. ಕೆಮ್ಮು ಬಂದಿತ್ತು, ನೀ ಮುಚ್ಚಳ ಹಾಕೂತನಕ ತಡಕೊಂಡೆ."