ಹಣೆಯವರೆಗೆ ಹೋದ ಕೈ

ಬೆಳಗಿನ ಹತ್ತೂ ಇಪ್ಪತ್ತು. ನಮ್ಮ ಎಸ್ಟೇಟಿನ ಸ್ಟೋರ್‌ಕೀಪರ್ ಮಂಡಿಯೂರಿ ಕೂತು, ಹುಳದ ಔಷಧಿಯ ಹಳೇ ಕ್ಯಾನೊಂದರ ತಳಕ್ಕೆ ಮೊಳೆ ಹೊಡೆಯುತ್ತಿದ್ದರು. ತೂತಿನಿಂದ ಕರಿ ಟೀ ಸೋರಿ ಅವರ ಬೆರಳ ಮೇಲೆ ಇಳಿಯುತ್ತಿತ್ತು. ಹೊರಗಿನ ಅಂಗಳದಲ್ಲಿ, ಕಾಫಿ ಕುಯ್ಯುವ ಮೂವರು ಹೆಂಗಸರು ಅದೇ ಟೀ ಕುಡಿದು ಬಾಯಲ್ಲಿ ನೊರೆ ಬಿಟ್ಟು ಬಿದ್ದಿದ್ದರು.

ನಾನು ಬಿ.ಕಾಂ. ಮುಗಿಸಿ ಅಲ್ಲಿ ಹಾಜರಿ, ಲೆಕ್ಕ ಬರೆಯುವ ರೈಟರ್ ಆಗಿ ಸೇರಿ ಎರಡನೇ ವರ್ಷ. ಸ್ಟೋರಿನ ಬೀಗ ತೆಗೆಯುವ ಮುಂಚೆ ಅವರು ಕೀಲಿಕೈ ಹಿಡಿದ ಕೈಯಲ್ಲೇ ಶಿಲುಬೆಯ ಗುರುತು ಹಾಕಿಕೊಳ್ಳುವುದನ್ನು ದಿನವೂ ನೋಡುತ್ತಿದ್ದೆ. ಹುಳದ ಔಷಧಿ ಖಾಲಿಯಾದ ಕ್ಯಾನನ್ನು ತೂತು ಹೊಡೆಯದೆ ಎಸೆದವರಲ್ಲ. ಲೈನ್ ಮನೆಗಳ ಕೂಲಿಯವರು ಅದರಲ್ಲಿ ನೀರು ತುಂಬಿಸಿಕೊಂಡಾರು ಎಂಬ ಭಯ. ಕೇಳಿ ಬಂದವರನ್ನು, "ತೂತಿರೋದು ಒಯ್ಯಿ, ಗುಲಾಬಿ ಗಿಡಕ್ಕೆ ನೀರು ಹಾಕೋಕಾಯ್ತದೆ" ಎಂದು ರೇಗಿಸಿ ಕಳಿಸುತ್ತಿದ್ದರು.

ಆ ಬೆಳಗ್ಗೆ ಆ ಮೂವರಲ್ಲಿ ಒಬ್ಬಳು ಬಿಡಲಿಲ್ಲ. "ನನ್ ಪಾತ್ರೆ ಸೋರ್ತೈತೆ ಕಣಣ್ಣ. ಟೀ ಹೊರೋಕೆ ಒಂದು ಒಳ್ಳೇದು ಕೊಡು ಮಾರಾಯ." ಅವರು ಎರಡು ಸಲ ಗಲಬರಿಸಿ ಕೊಟ್ಟುಬಿಟ್ಟಿದ್ದರು.

"ರೈಟ್ರೇ, ನೀವೇನೂ ನೋಡಿಲ್ಲ" ಎಂದು ಈಗ ತೂತಾದ ಕ್ಯಾನನ್ನು ಹಳೆಯ ತೂತು ಕ್ಯಾನುಗಳ ರಾಶಿಗೆ ಎಸೆದರು. ನಾನು ಹೂಂ ಎಂದು ತಲೆಯಾಡಿಸಿದೆ.

ಮೂವರನ್ನೂ ಜೀಪಿನಲ್ಲಿ ಸಕಲೇಶಪುರದ ಆಸ್ಪತ್ರೆಗೆ ಒಯ್ದೆವು. ಡಾಕ್ಟರು, "ಏನು ಹೊಟ್ಟೆಗೆ ಹೋಗಿದೆ, ಸರಿಯಾಗಿ ಹೇಳಿ. ಗೊತ್ತಾಗದೆ ಮದ್ದು ಹೇಗೆ ಕೊಡ್ಲಿ?" ಎಂದರು.

"ಕಾಡಣಬೆ ಇರ್ಬೇಕು ಸಾರ್" ಎಂದರು ಸ್ಟೋರ್‌ಕೀಪರ್.

ಕ್ಯಾನು ಕೇಳಿದವಳ ಗಂಡ ನನ್ನ ಕಡೆ ತಿರುಗಿದ. "ನಮ್ಮನೇಲಿ ಅಣಬೆನೇ ತಿನ್ನಲ್ಲ ಕಣ್ರೀ. ಓದಿದೋರು ನೀವು, ಒಸಿ ಹೇಳಿ."

ನಾನು ಗೋಡೆಯ ಗಡಿಯಾರ ನೋಡಿದೆ.

ಇಪ್ಪತ್ತು ನಿಮಿಷ ಹಾಗೇ ಹೋಯಿತು. ಬಾಗಿಲಿಗೆ ಒರಗಿದ್ದ ಸ್ಟೋರ್‌ಕೀಪರ್ ಶಿಲುಬೆಯ ಗುರುತು ಹಾಕಲು ಕೈ ಎತ್ತಿದರು. ಹಣೆಯವರೆಗೆ ಹೋದ ಕೈ ಅಲ್ಲೇ ನಿಂತಿತು. ಬೆರಳಿನಲ್ಲಿ ಟೀ ಒಣಗಿತ್ತು. ಅವರು ನೇರ ಒಳಗೆ ಹೋದರು.

"ಅಣಬೆ ಅಲ್ಲ ಸಾರ್. ಔಷಧಿ ಕ್ಯಾನು. ನಾನೇ ಕೊಟ್ಟಿದ್ದು."

ಇಬ್ಬರು ಉಳಿದರು. ಕ್ಯಾನು ಕೇಳಿದವಳು ಸಂಜೆ ಹೋದಳು. ಇಪ್ಪತ್ತು ನಿಮಿಷ ಮೊದಲು ಹೇಳಿದ್ದರೆ ಬದುಕುತ್ತಿದ್ದಳೇ? ಡಾಕ್ಟರು ಹೇಳಲಿಲ್ಲ, ನಾನು ಕೇಳಲಿಲ್ಲ.

ಜೈಲಿನಲ್ಲಿ ನೋಡಲು ಹೋದಾಗ ಸ್ಟೋರ್‌ಕೀಪರ್ ಅಂದರು: "ಮೊಳೆ ಹೊಡೆಯೋವಾಗ ನಿಮ್ಮನ್ನ ನೋಡಿ ಹೆದ್ರುಬುಟ್ಟೆ ರೈಟ್ರೇ. ನೀವು ಬರೋಕೆ ಮುಂಚೇನೇ ಮೇಲಿಂದ ನೋಡ್ತಿದ್ದೋನು ಒಬ್ಬ ಇದ್ದ. ಅವನ ಮುಂದೆ ನಿಂತು ಅಣಬೆ ಅನ್ನೋಕಾಯ್ತದಾ?"

ನಾನೂ ನೋಡಿದ್ದೆನೆಂದು ಅವರು ಯಾರಿಗೂ ಹೇಳಿರಲಿಲ್ಲ. ಬಿಡುಗಡೆಯಾಗಿ ಬಂದ ಮೇಲೆ ಹೆಚ್ಚು ದಿನ ಬದುಕಲಿಲ್ಲ. ಮಣ್ಣು ಮಾಡಿದ ದಿನ ಸತ್ತವಳ ಗಂಡನೂ ಬಂದಿದ್ದ. ಸ್ಮಶಾನದ ಗೇಟಿನಲ್ಲಿ ಅವನನ್ನು ನಿಲ್ಲಿಸಿ, ತೂತು ಹೊಡೆಯುವುದನ್ನು ನೋಡಿಯೂ ಸುಮ್ಮನಿದ್ದೆ ಎಂದು ಹೇಳಿದೆ.

"ಗೊತ್ತಿತ್ತು ಕಣ್ರೀ" ಅಂದ. "ಅವತ್ತೇ ನಿಮ್ ಮುಖದಾಗೆ ಕಾಣ್ತಿತ್ತು."

ಹೊಡೆಯಲಿಲ್ಲ, ಬೈಯಲಿಲ್ಲ. ಕುಂದೂರಿನ ಬಸ್ಸು ಬಂತು, ಹತ್ತಿದ. ಎಷ್ಟೋ ವರ್ಷದ ಮೇಲೆ ಆ ರಾತ್ರಿ ನನಗೆ ಬೆಳಗಿನವರೆಗೂ ನಿದ್ದೆ ಬಂತು.