ಮಾವ ಬಿಟ್ಟುಕೊಟ್ಟ ಹೋರಿ

ನಮ್ಮ ಮಾವನ ಬಲಗೈ ಹೆಬ್ಬೆರಳಿಗೆ ಉಗುರು ಇರಲಿಲ್ಲ. ಹರೆಯದಲ್ಲಿ ಓಡುವ ಹೋರಿಯ ಹಗ್ಗವನ್ನು ಕೈಗೆ ಸುತ್ತಿಕೊಂಡು ನಿಂತಾಗ ಕಿತ್ತು ಹೋದದ್ದು ಮತ್ತೆ ಬೆಳೆಯಲೇ ಇಲ್ಲ. ಆ ಬೋಳು ಹೆಬ್ಬೆರಳಿನಲ್ಲೇ ಎಲೆಗೆ ಸುಣ್ಣ ಹಚ್ಚುತ್ತಿದ್ದರು, ಅದರಲ್ಲೇ ಆಕಳ ಕೊರಳಡಿ ತುರಿಸುತ್ತಿದ್ದರು. ಆಕಳುಗಳೋ, ಅದಕ್ಕಾಗಿಯೇ ಕಾದಿದ್ದವರ ಹಾಗೆ ಕತ್ತೆತ್ತಿ ನಿಲ್ಲುತ್ತಿದ್ದವು.

ಮಾವ ಎಂದರೆ ನನ್ನ ಮೊದಲ ಗಂಡನ ತಂದೆ. ‘ಮೊದಲ’ ಎಂದು ಬರೆಯುವಾಗ ಕೈ ತಡೆಯುತ್ತದೆ. ಆದರೆ ನಿಜವನ್ನು ಯಾಕೆ ಮುಚ್ಚಿಡಲಿ? ನಾನು ವಿಜಯಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯವಳು, ಮದುವೆಗೆ ಮುಂಚೆ ಸೆಗಣಿ ಮುಟ್ಟಿದವಳಲ್ಲ. ಅರಕೇರಿಯ ಅವರ ಮನೆಯಲ್ಲಿ ಐದಾರು ಖಿಲಾರಿ ಆಕಳು, ಅವಕ್ಕೊಂದು ಬೀಜದ ಹೋರಿ. ಊರಲ್ಲಿ ಯಾರ ಆಕಳು ಬೆದೆಗೆ ಬಂದರೂ ಮಾವನ ಹೋರಿಯ ಬಳಿಗೇ ಹೊಡೆದುಕೊಂಡು ಬರುತ್ತಿದ್ದರು. ಅದಕ್ಕೆ ರೊಕ್ಕ ಕೊಡುವ ಪದ್ಧತಿ ಇರಲಿಲ್ಲ. ಹೋರಿಗೆಂದು ಒಂದಿಷ್ಟು ಹಿಂಡಿ ತಂದು ಗೋದಲಿಗೆ ಹಾಕಿ ಹೋಗುತ್ತಿದ್ದರು. ಹಾಗಾಗಿ ಮಾವ ಆರಿಸುವ ಹೋರಿಯ ಮೇಲೆ ಅರ್ಧ ಊರಿನ ಕರುಗಳು ನಿಂತಿದ್ದವು.

ಆರಿಸುವ ರೀತಿಯೂ ವಿಚಿತ್ರ. ಹೋರಿ ನೋಡಲು ಹೋದವರು ಹೋರಿಯನ್ನೇ ನೋಡುತ್ತಿರಲಿಲ್ಲ. ಮಾರುವವನು ಕೊಂಬು ತೋರಿಸುತ್ತಿದ್ದ, ಬೆನ್ನ ಮೇಲಿನ ಹಿಣಿಲು ತೋರಿಸುತ್ತಿದ್ದ, ಸುಳಿ ಹೊಗಳುತ್ತಿದ್ದ. ಮಾವ ಎಲ್ಲ ಕೇಳಿಸಿಕೊಂಡು, ಇದರ ಅವ್ವ ಎಲ್ಲಿ ಎನ್ನುತ್ತಿದ್ದರು. ಆ ಮುದಿ ಆಕಳ ಪಕ್ಕ ಕೂತು, ಮೈಮೇಲೆ ಕೈಯಾಡಿಸಿ, ಅಪರಿಚಿತರನ್ನು ಅದು ಹತ್ತಿರ ಬಿಟ್ಟುಕೊಳ್ಳುತ್ತದೋ ಇಲ್ಲವೋ ನೋಡಿದ ಮೇಲೆಯೇ ಮಾತು. ನನ್ನನ್ನು ನೋಡಲು ಬಂದಾಗಲೂ ಅದೇ ಕತೆ. ಇಡೀ ಹೊತ್ತು ನಮ್ಮವ್ವನ ಜೊತೆ ಮಾತಾಡಿ ಚಹಾ ಕುಡಿದು ಎದ್ದುಬಿಟ್ಟರು. ಹುಡುಗಿಯನ್ನೂ ಒಂಚೂರು ನೋಡಿರಿ ಎಂದು ನಮ್ಮ ಕಾಕಾ ಹೇಳಿದ್ದಕ್ಕೆ, ನೂಲಿನಂತೆ ಸೀರೆ, ತಾಯಿಯಂತೆ ಮಗಳು, ನೋಡಿ ಆಯಿತಲ್ಲ ಎಂದರಂತೆ. ಹೋರಿ ಲೆಕ್ಕದಲ್ಲಿ ನನ್ನನ್ನು ಆರಿಸಿದರಲ್ಲ ಎಂದು ನಾನು ಉರಿದುಬಿದ್ದಿದ್ದೆ. ಗಂಡ ಅದನ್ನೇ ಹೇಳಿ ಹೇಳಿ ಕಾಡುತ್ತಿದ್ದ.

ಇನ್ನೊಂದು ನೇಮವಿತ್ತು. ಯಾವ ಹೋರಿಯನ್ನೂ ಮೂರು ವರ್ಷಕ್ಕಿಂತ ಹೆಚ್ಚು ಇಟ್ಟುಕೊಳ್ಳುತ್ತಿರಲಿಲ್ಲ. ಅದಕ್ಕೆ ಹುಟ್ಟಿದ ಹೆಣ್ಣು ಕರು ಬೆದೆಗೆ ಬರುವ ಹೊತ್ತಿಗೆ ಅಪ್ಪ ಊರು ಬಿಟ್ಟಿರಬೇಕು, ಇಲ್ಲವಾದರೆ ತಳಿ ಕೆಡುತ್ತದೆ. ಎಷ್ಟೇ ಒಳ್ಳೆಯ ಹೋರಿ ಇರಲಿ, ಅದರ ಮಗಳಿಲ್ಲದ ಊರು ಹುಡುಕಿ ಅಲ್ಲಿಗೆ ಕಳಿಸುತ್ತಿದ್ದರು.

ನಾನು ಸೊಸೆಯಾಗಿ ಬಂದ ವರ್ಷ ತಂದೆ ಮಗ ಇಬ್ಬರೂ ಬಬಲೇಶ್ವರಕ್ಕೆ ಹೋರಿ ನೋಡಲು ಹೋದರು. ಅಲ್ಲಿ ಎರಡು ಹೋರಿ. ಮಾವನ ಮನಸ್ಸು ಒಂದರ ಮೇಲೆ, ಮಗನ ಮನಸ್ಸು ಕಿವಿ ಹರಿದ ಇನ್ನೊಂದರ ಮೇಲೆ. ಮಾವ ಜನ್ಮದಲ್ಲಿ ಮೊದಲ ಸಲ ಸೋತರು. “ಆತು, ಇದು ನಿನ್ನ ಹೋರಿ” ಎಂದರಂತೆ. ನನ್ನ ಗಂಡ ಮನೆಗೆ ಬಂದು ಊಟವನ್ನೂ ಮರೆತು ಅದನ್ನೇ ಹೇಳಿದ್ದ. ಅಪ್ಪ ತನ್ನನ್ನು ದೊಡ್ಡವನೆಂದು ಒಪ್ಪಿಕೊಂಡ ಸಂತೋಷ ಅದು.

ಅದೇ ಸುಗ್ಗಿಯಲ್ಲಿ ತಿಕೋಟಾ ರಸ್ತೆಯಲ್ಲಿ, ಹಿಂದೆ ದೀಪವಿಲ್ಲದೆ ನಿಂತಿದ್ದ ಕಬ್ಬಿನ ಟ್ರ್ಯಾಕ್ಟರಿಗೆ ಅವನ ಬೈಕು ಬಡಿಯಿತು. ಅದರ ಬಗ್ಗೆ ಹೆಚ್ಚು ಬರೆಯಲು ನನ್ನಿಂದಾಗದು.

ಮಾವ ಅಳಲಿಲ್ಲ. ಮಗ ಆರಿಸಿದ್ದ ಹೋರಿಯ ಮೈ ತಿಕ್ಕುವುದು ಹೆಚ್ಚಾಯಿತು, ಅಷ್ಟೇ. ತಾವು ಉಣ್ಣುವ ಮೊದಲು ರೊಟ್ಟಿ ಅದಕ್ಕೆ ಹೋಗುತ್ತಿತ್ತು. ಮೂರನೆಯ ವರ್ಷ ಬಂತು, ಹೋಯಿತು. ಈ ಸಲ ಹೋರಿ ಬದಲಿಸುವುದಿಲ್ಲವೇ ಎಂದು ಜನ ಕೇಳಿದರೆ ಮಳೆಯ ಮಾತು ತೆಗೆಯುತ್ತಿದ್ದರು. ಕೇಳಿ ಸಾಕಾದವರು ತಮ್ಮ ಆಕಳನ್ನು ಇಟ್ಟಂಗಿಹಾಳಕ್ಕೆ ಹೊಡೆದುಕೊಂಡು ಹೋದರು, ಕೆಲವರು ಡಾಕ್ಟರನ್ನು ಕರೆಸಿ ಇಂಜೆಕ್ಷನ್ ಮಾಡಿಸಿದರು. ನಮ್ಮ ಗೋದಲಿಗೆ ಹಿಂಡಿ ತಂದು ಹಾಕುವವರು ನಿಂತರು. ಆ ಹೋರಿಯ ಮೊದಲ ಮಗಳು ಬೆದೆಗೆ ಬಂದಾಗ ಮಾವ ಅದನ್ನು ಬೇರೆ ಕಟ್ಟಲಿಲ್ಲ. ಕಟ್ಟಿದ್ದರೆ ಹೋರಿಯನ್ನು ಕಳಿಸುವ ಹೊತ್ತು ಬಂದಿದೆ ಎಂದು ಒಪ್ಪಿಕೊಂಡಂತಾಗುತ್ತಿತ್ತು.

ಅವೆರಡಕ್ಕೆ ಹುಟ್ಟಿದ ಕರುವಿಗೆ ಕಾಲೂರಿ ನಿಲ್ಲಲು ಬರಲಿಲ್ಲ. ಮೊಲೆ ಹಿಡಿಯಲೂ ಬರಲಿಲ್ಲ. ಮಾವ ಬಟ್ಟೆ ಅದ್ದಿ ಬಾಯಿಗೆ ಹಾಲು ಹಿಂಡಿದರು. ಎರಡು ದಿನ ಉಸಿರಾಡಿ ಹೋಯಿತು. ಅದನ್ನು ಹೊಲದ ಬದುವಿನಲ್ಲಿ ಹೂತು ಬಂದು, ಕೈ ಕೂಡ ತೊಳೆಯದೆ, ಮತ್ತೆ ಹೋರಿಯ ಹತ್ತಿರವೇ ಹೋಗಿ ನಿಂತರು. ನನಗೆ ತಡೆಯಲಾಗಲಿಲ್ಲ.

“ಮಾವಾರ, ಅದು ಹೋರಿರಿ. ನಿಮ್ಮ ಮಗ ಅಲ್ಲ.”

ಬಾಗಿಲಲ್ಲಿ ನಿಂತಿದ್ದ ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡರು. ಆ ಮಾತಿನ ಬಗ್ಗೆ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ. ಯಾರಾದರೂ ಹೇಳಲೇಬೇಕಿತ್ತು. ಅವನು ಹೋದದ್ದು ಅವರೊಬ್ಬರಿಗೇ ಅಲ್ಲವಲ್ಲ!

ಬಹಳ ದಿನಗಳಾದ ಮೇಲೆ ಮಾವ ಒಂದು ಮುಂಜಾನೆ ರುಮಾಲು ಸುತ್ತಿಕೊಂಡು ಬಂದು, ತಿಕೋಟಾದಲ್ಲಿ ಒಂದು ಹೋರಿ ಇದೆಯಂತೆ, ನಡೆ, ನೀನೇ ನೋಡಬೇಕು ಎಂದರು. ನನಗೇನು ತಿಳಿಯುತ್ತದೆ ಎಂದೆ. “ಇದ್ದದ್ದು ಇದ್ದಂಗ ಹೇಳಾಕ ಬರತೈತಿ ನಿನಗ. ನನಗ ಅದ ಹೋಗೇತಿ ಯವ್ವಾ” ಎಂದರು.

ತಿಕೋಟಾದಲ್ಲಿ ನಾನೂ ಹೋರಿಯನ್ನು ಬಿಟ್ಟು ಅದರ ತಾಯಿಯ ಹತ್ತಿರ ಹೋದೆ. ಬೇವಿನ ಗಿಡದ ಕೆಳಗೆ ಮೆಲುಕು ಹಾಕುತ್ತಿದ್ದ ಅದು ನನ್ನ ಕೈ ಮೂಸಿ ನೋಡಿ ಸುಮ್ಮನಾಯಿತು. ಆಗಬಹುದು ಎಂದೆ. ಮಾವ ಎರಡನೆಯ ಮಾತು ಕೇಳಲಿಲ್ಲ.

ಹಳೆಯ ಹೋರಿಯನ್ನು ಜತ್ತ ಕಡೆಯ ದನಗಾರನೊಬ್ಬನಿಗೆ ಕೊಟ್ಟರು. ಅಲ್ಲಿ ಅದರ ತಾಯಿಯಿಲ್ಲ, ಮಗಳಿಲ್ಲ. ಛೋಟಾ ಹಾತಿ ಎನ್ನುವ ಸಣ್ಣ ಲಾರಿ ಬಂದಾಗ ಮಾವ ಬೆನ್ನ ಮೇಲೆ ಕೈಯಿಟ್ಟರು, ಹೋರಿ ತಾನೇ ಹತ್ತಿತು. ಗಾಡಿ ತಿರುವಿನಲ್ಲಿ ಮರೆಯಾದ ಮೇಲೆ ಬರಿದಾದ ಗೂಟದ ಹತ್ತಿರ ಕೂತುಬಿಟ್ಟರು. ನಾನು ನೀರು ತಂದುಕೊಟ್ಟೆ. ನೀರಿನ ತಂಬಿಗೆ ಕೈಯಲ್ಲಿ ಹಿಡಿದುಕೊಂಡೇ ಹೇಳಿದರು:

“ಅಲ್ಲಿ ಅದು ಹೋರಿ ಆಗಿ ಬಾಳತೈತಿ. ಇಲ್ಲಿ ಬರೇ ನನ್ನ ಮಗನ ನೆನಪಾಗಿ ನಿಂತಿತ್ತು. ನಿನ್ನೂ ಹಂಗ ಕಟ್ಟಿ ಹಾಕೇನಿ ಯವ್ವಾ ನಾನು.”

ನನಗೆ ಮೊದಲು ಬಂದದ್ದು ಸಿಟ್ಟು. ನನ್ನನ್ನು ಹೋರಿಯ ಜೊತೆ ಹೋಲಿಸುತ್ತೀರೇನು ಎಂದು ಕೇಳಿದೆ. ಮಗ ಹೋದ ಮೇಲೆ ಮೊದಲ ಸಲ ಮಾವ ನಕ್ಕರು. ನಗುತ್ತಲೇ ಅಳು ಬಂತು. ಅಲ್ಲಿವರೆಗೆ ಹಿಡಿದಿಟ್ಟದ್ದೆಲ್ಲ ಬಂತು. ನಾನೂ ಪಕ್ಕದಲ್ಲಿ ಕೂತು ಅತ್ತುಬಿಟ್ಟೆ.

ಆಮೇಲೆ ತಾವೇ ಊರೂರು ತಿರುಗಿ ನನಗೊಂದು ವರ ನೋಡಿದರು. ತಿಕೋಟಾದಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವವರು, ಸಮಾಧಾನದ ಮನುಷ್ಯ. ಹಾಂ, ಅವರ ತಾಯಿಯನ್ನು ನೋಡಿಯೇ ಒಪ್ಪಿದ್ದು! ಗಂಡ ಸತ್ತವಳನ್ನು ಮತ್ತೆ ಮದುವೆ ಮಾಡಿಕೊಡುವ ಉಡಿಕೆ ನಮ್ಮಲ್ಲಿ ಹೊಸದಲ್ಲ, ಆದರೆ ಗಂಡನ ತಂದೆಯೇ ಮುಂದೆ ನಿಂತು ಮಾಡಿಸಿದ್ದನ್ನು ಯಾರೂ ಕಂಡಿರಲಿಲ್ಲ. ಮಗನನ್ನು ಇಷ್ಟು ಬೇಗ ಮರೆತ ಎಂದು ಊರು ಆಡಿಕೊಂಡಿತು. ಉಡಿಕೆಯಾಗಿ ಹೋದವಳು ಮೊದಲ ಮನೆಯ ಹೊಸ್ತಿಲು ತುಳಿಯಬಾರದೆಂಬ ಪದ್ಧತಿ. ಅದಕ್ಕೆ ಅವರೇ ಬರುತ್ತಿದ್ದರು. ಪ್ರತಿ ಸಲ ಆಕಳು ಈದಾಗ ಸ್ಟೀಲ್ ಡಬ್ಬಿಯಲ್ಲಿ ಗಿಣ್ಣು ತಂದು ನನ್ನ ಕೈಗಿತ್ತು, ಕರು ಎದ್ದು ನಿಂತಿತು ಎಂದು ಹೇಳಿ ಹೋಗುತ್ತಿದ್ದರು.

ಹೋದ ವರ್ಷ ಮಾವ ತೀರಿಕೊಂಡರು. ಸುದ್ದಿ ಕೇಳಿದವಳೇ ನೇರವಾಗಿ ಅರಕೇರಿಗೆ ಹೋದೆ. ಹೊಲದಲ್ಲಿ ಕುಣಿ ತೋಡಿ ಇಳಿಸಿದ್ದರು, ಮಣ್ಣು ಹಾಕುತ್ತಿದ್ದರು. ನಾನು ಮುಂದೆ ಹೋದಾಗ ಹಿರಿಯರೊಬ್ಬರು ತಡೆದು, ಉಡಿಕೆಯಾಗಿ ಹೋದವಳು ಹಾಕಬಾರದು ಎಂದರು. ನಾನು ಬಾಯಿ ತೆಗೆಯುವ ಮೊದಲೇ ಅತ್ತೆ ಮಾತಾಡಿದರು.

“ಆಕಿನ್ನ ಕೈ ಹಿಡದು ಕಳಿಸಿದವರ ಇಲ್ಲಿ ಮಲಗ್ಯಾರ. ಬ್ಯಾಡ ಅನ್ನಾವ್ರು ಅವರನ್ನ ಕೇಳ್ರಿ.”

ತಡೆದಿದ್ದ ಹಿರಿಯರು ಪಕ್ಕಕ್ಕೆ ಸರಿದರು. ನಾನು ಎರಡು ಹಿಡಿ ಮಣ್ಣು ಹಾಕಿದೆ. ಒಂದು ನನ್ನದು. ಇನ್ನೊಂದನ್ನು ಅವರ ಮಗ ಹಾಕಬೇಕಿತ್ತು.