ಕಿವಿಯಕ್ಕನ ಸದ್ದಿಲ್ಲದ ಮನೆ

ಬೆಳಗಿನ ಜಾವ ನಾಲ್ಕೂವರೆ. ಬೀದಿದೀಪ ಇನ್ನೂ ಆರಿಲ್ಲ. ಆಸ್ಪತ್ರೆಯ ಮುಂದಿನ ರಸ್ತೆಯಲ್ಲಿ ಹೆಂಗಸೊಬ್ಬರು ಉದ್ದನೆಯ ಕಬ್ಬಿಣದ ಸರಳನ್ನು ನೆಲಕ್ಕೂರಿ, ಅದರ ಮೇಲ್ತುದಿಗೆ ಕಿವಿಯಿಟ್ಟು, ಕಣ್ಣು ಮುಚ್ಚಿ ನಿಂತಿದ್ದಾರೆ. ಇವರ ಬಗ್ಗೆ ಬರೆಯಲೆಂದು ಜೊತೆಗೆ ಬಂದ ನಾನು ಟಿಪ್ಪಣಿ ಪುಸ್ತಕದ ಹಾಳೆ ತಿರುವಿದ್ದಕ್ಕೇ ಬೆರಳೆತ್ತಿ ಗದರುತ್ತಾರೆ. ನಾಲ್ಕು ಹೆಜ್ಜೆ, ಮತ್ತೆ ಸರಳು. ಕೊನೆಗೆ ಸೀಮೆಸುಣ್ಣದಲ್ಲಿ ರಸ್ತೆಯ ಮೇಲೊಂದು ಸುತ್ತು ಹಾಕುತ್ತಾರೆ. "ಇಲ್ಲಿ ಅಗೆದ್ರೆ ಸಿಗುತ್ತೆ. ಸಣ್ಣ ತೂತು. ಸಣ್ಣದಾದಷ್ಟೂ ಚೂಪಾಗಿ ಕೂಗುತ್ತೆ."

ನೆಲದಡಿಯ ನೀರಿನ ಕೊಳವೆ ಎಲ್ಲಿ ಸೋರುತ್ತಿದೆಯೆಂದು ಕೇಳಿ ಹುಡುಕುವುದು ಇವರ ಕೆಲಸ. ನೀರು ಸರಬರಾಜು ಕಚೇರಿಯಲ್ಲಿ ಎಲ್ಲರ ಬಾಯಲ್ಲೂ ಕಿವಿಯಕ್ಕ. ಹದಿನೇಳು ವರ್ಷವಾಯಿತು. ವಾಹನಗಳ ಗಲಾಟೆ ಶುರುವಾಗುವುದರೊಳಗೆ ಎರಡು ಕಿಲೋಮೀಟರು ನಡೆದು ನೂರಕ್ಕೂ ಹೆಚ್ಚು ಸಲ ಸರಳೂರಬೇಕು. ಈಗ ಯಂತ್ರವೂ ಬಂದಿದೆ. ಅದು ತಡವರಿಸಿದಾಗ ಎಂಜಿನಿಯರ್ ಸಾಹೇಬರು ಫೋನು ಮಾಡುವುದು ಇವರಿಗೇ. ಇವರು ಹಟ ಹಿಡಿದದ್ದರಿಂದ ತಂಡಕ್ಕೆ ಇನ್ನೂ ನಾಲ್ವರು ಹೆಂಗಸರು ಬಂದಿದ್ದಾರೆ.

ಆ ಹಟದ ಹಿಂದೆ ಒಂದು ಅವಮಾನವಿದೆ. ಕೆಲಸಕ್ಕೆ ಸೇರಿದ ಎರಡನೇ ವರ್ಷ ತಂಗಿಯ ಮದುವೆ. ಧ್ವನಿವರ್ಧಕದ ಪಕ್ಕದಲ್ಲೇ ಕೂತಿದ್ದು ಮರುದಿನ ಸರಳು ಹಿಡಿದರು. ತಮ್ಮ ಕಿವಿಯೊಳಗಿನ ಗುಂಯ್ ಸದ್ದನ್ನೇ ಸೋರಿಕೆಯೆಂದು ತಿಳಿದು ಸುತ್ತು ಹಾಕಿಬಿಟ್ಟರು. ಆಳುದ್ದ ಅಗೆದರೂ ಒಣಮಣ್ಣು. "ಹೆಂಗಸರ ಕಿವಿ ಗಾಳಿಸುದ್ದಿಗೇ ಸರಿ" ಎಂದು ಮೇಸ್ತ್ರಿ ಹತ್ತು ಜನರೆದುರು ನಕ್ಕ.

ಅಂದಿನಿಂದ ಇವರು ಮದುವೆಮನೆಗಳಿಗೆ ಹೋಗುವುದಿಲ್ಲ. ಮನೆಯಲ್ಲಿ ರೇಡಿಯೊ ಇಲ್ಲ. ಇವರು ಸಂಜೆ ಏಳಕ್ಕೆ ಮಲಗುವುದರಿಂದ ಗಂಡ, ಅತ್ತೆ, ಮಗಳು ಮೂವರದೂ ಪಿಸುಮಾತು. "ಊರಿಗೆ ಉಪಕಾರಿ, ಮನೆಗೆ ಮಾರಿ ಕಣಪ್ಪ ನನ್ನ ಸೊಸೆ" ಎಂದು ಅತ್ತೆ ನನ್ನ ಬಳಿ ತಮಾಷೆ ಮಾಡಿದ್ದೂ ಪಿಸುದನಿಯಲ್ಲೇ. ಸೊಸೆ ನಗಲಿಲ್ಲ.

ಹದಿನೈದರ ಮಗಳು ಡ್ರಮ್ ಬಾರಿಸುತ್ತಾಳೆ. ಅಭ್ಯಾಸವೆಲ್ಲ ಚಿಕ್ಕಮ್ಮನ ಮನೆಯಲ್ಲಿ. ಎರಡು ವರ್ಷದಲ್ಲಿ ತಾಯಿ ಒಂದು ಪೆಟ್ಟನ್ನೂ ಕೇಳಿಲ್ಲ. ಈ ಶನಿವಾರ ಶಾಲೆಯ ಸಭಾಂಗಣದಲ್ಲಿ ಅವಳ ಮೊದಲ ಕಾರ್ಯಕ್ರಮ. ಆ ಸುದ್ದಿ ಇವರಿಗೆ ಗೊತ್ತಾದದ್ದು ತಂಗಿಯಿಂದ. ಮಗಳು ತುಟಿ ಬಿಚ್ಚಿಲ್ಲ. ಹೋದರೆ ಮೂರು ದಿನ ಕಿವಿ ಕೆಲಸಕ್ಕೆ ಬರುವುದಿಲ್ಲ.

"ಮೊನ್ನೆ ಅವಳ ಕೈಯಿಂದ ತಟ್ಟೆ ಜಾರಿ ಬಿತ್ತು. ಬಿದ್ದ ತಟ್ಟೆ ನೋಡ್ಲಿಲ್ಲ ರೀ ಅವಳು, ನನ್ನ ಮುಖ ನೋಡಿದ್ಲು. ಹೆದರಿಕೊಂಡು." ಅವರು ಮತ್ತೆ ಸರಳೂರುತ್ತಾರೆ. ಅಷ್ಟು ಅಡುಗೆಮನೆಗಳಿಗೆ ನೀರು ಮುಟ್ಟಿಸುವ ಈ ಹೆಂಗಸು ತಮ್ಮ ಮನೆಯಲ್ಲಿ ಎಷ್ಟು ಒಂಟಿ ಎಂದು ನನಗೆ ಸಂಕಟವಾಗುತ್ತದೆ.

ಆರೂವರೆಗೆ ಬಸ್ಸುಗಳು ಹೊರಡುತ್ತವೆ. ಅವರು ಸರಳು ಒರೆಸಿಟ್ಟು ಚೀಲದಿಂದ ಕಾಗದವೊಂದನ್ನು ತೆಗೆದು ತೋರಿಸುತ್ತಾರೆ. ರಜೆ ಅರ್ಜಿ. ಭಾನುವಾರದಿಂದ ಮೂರು ದಿನ.

"ಆ ಮೂರು ದಿನ ಕೆಲಸ?"

"ನಾಲ್ಕು ಜನ ಇದಾರಲ್ಲ. ತಪ್ಪು ಮಾಡಿದ್ರೆ ಮಾಡ್ಲಿ, ನಾನು ಮಾಡಿಲ್ವಾ?" ಕಾಗದ ಮಡಿಸುತ್ತ ದನಿ ತಗ್ಗಿಸುತ್ತಾರೆ. "ಅವಳೇನೂ ಕರೆದಿಲ್ಲ. ಹಿಂದೆಲ್ಲಾದ್ರೂ ಕೂತ್ಕೋತೀನಿ. ನನ್ನ ನೋಡಿ ಅವಳು ಮೆತ್ತಗೆ ಬಾರಿಸ್ಬಾರ್ದು, ಅಷ್ಟೇ."